ಉಣುಗೋಲು ತೆಗೆದ ದಾರಿ: ಬೇಲೂರು ಕಡೆಯ ಒಂದು ಹಳ್ಳಿ ನಡಿಗೆ

ಅವ್ವನಿಗೆ ಈಗ 78. ಎರಡೂ ಮಂಡಿ ಸವೆದಿವೆ. ಹಾಸನದ ನಮ್ಮ ಮನೆಯಿಂದ ಬೀದಿ ಕೊನೆಯ ಅಂಗಡಿಗೆ ಹೋಗುವಷ್ಟರಲ್ಲಿ ಒಂದು ಸಲ ಯಾರದಾದರೂ ಜಗಲಿ ಮೇಲೆ ಕೂರಲೇಬೇಕು. ಅಂಥ ಅವ್ವ ಹೋದ ನವೆಂಬರಿನಲ್ಲಿ ಕಾಫಿ ತೋಟದ ನಡುವೆ ನಡೆದು, ಹಳ್ಳ ದಾಟಿ, ಗದ್ದೆ ಬಯಲು ನೋಡಿ ಬಂದಳು. ಆ ದಾರಿಯ ಬಗ್ಗೆ, ಅದನ್ನು ಮಾಡಿದ ಜನರ ಬಗ್ಗೆ ಬರೆಯಬೇಕು ಅನ್ನಿಸಿದೆ.

ಊರಿನ ಹೆಸರು ಹಾಕುತ್ತಿಲ್ಲ. ಬೇಲೂರಿನಿಂದ ಬಿಕ್ಕೋಡು ಕಡೆಗೆ ಹೋಗಿ, ಟಾರು ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋಗಬೇಕು. ಇಷ್ಟು ಹೇಳಬಹುದು. ಹೆಸರು ಬರೆಯಬೇಡಿ ಅಂತ ಊರಿನವರೇ ಕೇಳಿಕೊಂಡರು. ರಜೆ ದಿನಗಳಲ್ಲಿ ಮುಳ್ಳಯ್ಯನಗಿರಿ ದಾರಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಲ್ಲುವುದನ್ನು ಅವರೂ ನೋಡಿದ್ದಾರೆ. 1930 ಮೀಟರ್ ಎತ್ತರದ ಅಷ್ಟು ದೊಡ್ಡ ಬೆಟ್ಟಕ್ಕೇ ಜನ ಜಾಸ್ತಿಯಾಗಿ, ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ ಹೋಗಬೇಕಾದ ಸ್ಥಿತಿ ಬಂತು. ನಲವತ್ತು ಮನೆಯ ಊರಿಗೆ ಹಾಗೆ ಜನ ನುಗ್ಗಿದರೆ ಏನು ಗತಿ? ಅದಕ್ಕೇ ಇವರು ದಿನಕ್ಕೆ ಇಪ್ಪತ್ತು ಜನರನ್ನು ಮಾತ್ರ ಕರೆದುಕೊಳ್ಳುತ್ತಾರೆ. ಬೇಲೂರಿನಲ್ಲಿ ನಿಮಗೆ ಗುರುತಿನವರಿದ್ದರೆ ವಿಚಾರಿಸಿ, ನಂಬರ್ ಸಿಗುತ್ತದೆ. ನನಗೂ ಹಾಗೇ ಸಿಕ್ಕಿದ್ದು.

ನಾನು ಹೋಗಿದ್ದಕ್ಕೆ ಒಂದು ಕಾರಣ ಇತ್ತು. ಎರಡು ವರ್ಷದ ಹಿಂದೆ ಮನೆಯವರೆಲ್ಲ ಸೇರಿ ಒಂದು ಹೆಸರಾದ ಜಾಗಕ್ಕೆ ಹೋಗಿದ್ದೆವು. ಪಾರ್ಕಿಂಗ್‌ಗೆ ದುಡ್ಡು, ಒಳಗೆ ಹೋಗಲು ದುಡ್ಡು, ಎಲ್ಲ ಸರಿಯಾಗಿಯೇ ತೆಗೆದುಕೊಂಡರು. ಆದರೆ ಮೇಲೆ ಹೋಗಬೇಕೆಂದರೆ ಬರೀ ಮೆಟ್ಟಿಲು. ಹಿಡಿದುಕೊಳ್ಳಲು ಒಂದು ಕಂಬಿಯಿಲ್ಲ, ಕೂರಲು ಒಂದು ಕಲ್ಲಿಲ್ಲ. "ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ" ಅಂದಳು ಅವ್ವ. ಎರಡು ಗಂಟೆ ಕಾರಿನಲ್ಲೇ ಕೂತಿದ್ದಳು. ನಾವು ಮೇಲಿಂದ ಇಳಿದು ಬಂದಾಗ ಕಿಟಕಿಯಲ್ಲಿ ಅವಳ ಮುಖ ಕಂಡಿದ್ದು ನನಗೆ ಇನ್ನೂ ಮರೆತಿಲ್ಲ. ಅವಳೇನು ಪೇಟೆಯಲ್ಲಿ ಹುಟ್ಟಿದವಳಲ್ಲ. ಆಲೂರು ಸೀಮೆಯ ಹಳ್ಳಿಯವಳು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಗದ್ದೆ ಬದುವಿನಲ್ಲೇ ಓಡಾಡಿದವಳು. ಗಿಡ ಮರ ನೋಡುವ ಆಸೆ ನಮ್ಮೆಲ್ಲರಿಗಿಂತ ಅವಳಿಗೇ ಹೆಚ್ಚು.

ಮೊದಲು ಗೊತ್ತು ಮಾಡಿದ ಭಾನುವಾರ ಹೋಗಲಾಗಲಿಲ್ಲ. ಶನಿವಾರ ಸಂಜೆ ಏಳಕ್ಕೆ ಊರಿನಿಂದ ಫೋನ್ ಬಂತು. "ಅಕ್ಕ, ಪಕ್ಕದ ತೋಟಕ್ಕೆ ಆನೆ ಬಂದಿವೆ. ಮರಿ ಬೇರೆ ಇದೆಯಂತೆ. ನಾಳೆ ದಾರಿ ತೆಗೆಯೋದಿಲ್ಲ, ಬೇಜಾರು ಮಾಡ್ಕೊಬೇಡಿ" ಅಂದಳು ಒಬ್ಬ ಹೆಣ್ಣುಮಗಳು. ಕೊಟ್ಟಿದ್ದ ಮುಂಗಡವನ್ನು ಅರ್ಧ ಗಂಟೆಯಲ್ಲಿ ವಾಪಸ್ ಹಾಕಿದರು. ಬೇಲೂರು, ಆಲೂರು, ಸಕಲೇಶಪುರ ಕಡೆಯವರಿಗೆ ಆನೆ ವಿಷಯ ಬಿಡಿಸಿ ಹೇಳಬೇಕಿಲ್ಲ. ತೋಟದ ಕೆಲಸಕ್ಕೆ ಹೊರಟವರು ಆನೆಗೆ ಸಿಕ್ಕಿ ಜೀವ ಕಳೆದುಕೊಂಡ ಮನೆಗಳು ಈ ಸೀಮೆಯಲ್ಲಿವೆ. ಆದ್ದರಿಂದ ಈ ಊರಿನವರು ಬೆಳಿಗ್ಗೆ ಎಂಟೂವರೆಗೆ ಮೊದಲು ಯಾರನ್ನೂ ದಾರಿಗೆ ಬಿಡುವುದಿಲ್ಲ, ಸಂಜೆ ನಾಲ್ಕೂವರೆ ಆದ ಮೇಲೆ ಯಾರನ್ನೂ ಅಲ್ಲಿ ಉಳಿಸುವುದಿಲ್ಲ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಬರುವ ಸಂದೇಶ ನೋಡುತ್ತಾರೆ. ಅದರ ಜೊತೆಗೆ ಬೆಳಿಗ್ಗೆ ಇಬ್ಬರು ಪೂರ್ತಿ ದಾರಿ ನಡೆದು ಲದ್ದಿ, ಹೆಜ್ಜೆ ಏನಾದರೂ ಇದೆಯಾ ಅಂತ ನೋಡಿಕೊಂಡು ಬರುತ್ತಾರೆ. ಹಣ ವಾಪಸ್ ಬಂದಿದ್ದಕ್ಕಿಂತ ಆ ಜಾಗ್ರತೆ ಕಂಡು ನನಗೆ ನಂಬಿಕೆ ಬಂತು. ಮುಂದಿನ ಭಾನುವಾರ ಹೊರಟೆವು. ನಾನು, ಅವ್ವ, ತಂಗಿಯ ಒಂಬತ್ತು ವರ್ಷದ ಮಗ.

ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಹಾಗಾಗಿ ನಮ್ಮಿಬ್ಬರಿಗೆ ಖರ್ಚಿಲ್ಲ, ಹುಡುಗನಿಗೆ ಅರ್ಧ ಟಿಕೆಟ್. ಬೇಲೂರಿನಿಂದ ಮುಂದೆ ಆಟೋ ಮಾಡಿಕೊಂಡೆವು. ಬಸ್ಸೂ ಇದೆ, ಆದರೆ ಬೆಳಿಗ್ಗೆ ಒಂದು, ಸಂಜೆ ಒಂದು. ಅದೂ ಊರಿನಿಂದ ಒಂದು ಕಿಲೋಮೀಟರ್ ದೂರದಲ್ಲಿ ಇಳಿಸುತ್ತದೆ. ಮಂಡಿ ನೋವಿನವರಿಗೆ ಆ ಒಂದು ಕಿಲೋಮೀಟರೇ ದೊಡ್ಡ ತೊಡಕು. ನಡೆಯುವ ದಾರಿಯನ್ನು ಇಷ್ಟು ಚೆನ್ನಾಗಿ ಮಾಡಿದವರು ಬಸ್ ಸ್ಟಾಪಿನಿಂದ ಕರೆತರಲು ಊರಿನ ಒಂದು ಆಟೋವನ್ನಾದರೂ ಗೊತ್ತು ಮಾಡಬೇಕು. ಹಾಗಂತ ಅವರಿಗೂ ಹೇಳಿ ಬಂದಿದ್ದೇನೆ.

ದಾರಿ ಶುರುವಾಗುವುದು ಅರಳಿಕಟ್ಟೆಯ ಹತ್ತಿರ. ಅಲ್ಲಿಂದ ಕೆರೆ ಏರಿ, ಆಮೇಲೆ ತೋಟ, ಹಳ್ಳ, ಗದ್ದೆ ಬಯಲು, ಕೊನೆಗೆ ಒಂದು ಗುಡ್ಡ. ಒಟ್ಟು ಎರಡೂವರೆ ಕಿಲೋಮೀಟರ್. ನಾಲ್ಕು ಅಡಿ ಅಗಲ. ನೆಲಕ್ಕೆ ಜಲ್ಲಿ ಕಲಸಿದ ಕೆಂಪು ಮಣ್ಣು ಹಾಕಿ ದಿಮ್ಮಿಸಿದ್ದಾರೆ. ಸಿಮೆಂಟ್ ಹಾಕಿಲ್ಲ. ಮಳೆ ನೀರು ದಾರಿಯ ಉದ್ದಕ್ಕೂ ಹರಿದರೆ ಒಂದೇ ಮಳೆಗಾಲಕ್ಕೆ ಮಣ್ಣೆಲ್ಲ ಕೊಚ್ಚಿ ಹೋಗುತ್ತದೆ. ಅದಕ್ಕೆ ಇಪ್ಪತ್ತು ಇಪ್ಪತ್ತೈದು ಹೆಜ್ಜೆಗೊಮ್ಮೆ ಓರೆಯಾಗಿ ಕಲ್ಲು ಕೂರಿಸಿ ನೀರನ್ನು ಪಕ್ಕಕ್ಕೆ ತಿರುಗಿಸಿದ್ದಾರೆ. ಆ ಕಲ್ಲುಗಳು ನೆಲಕ್ಕೆ ಸಮವಾಗಿವೆ, ಕಾಲಿಗೆ ತಾಕುವುದಿಲ್ಲ. ಮಲೆನಾಡಿನ ಮಳೆ ಕಂಡವರು ಮಾಡಿದ ಕೆಲಸ ಅಂತ ನೋಡಿದರೇ ಗೊತ್ತಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಾತ್ರ ದಾರಿ ಮುಚ್ಚಿರುತ್ತಾರೆ. ಜಿಗಣೆ ಕಾಟ, ಜಾರುವ ನೆಲ, ಹಳ್ಳ ತುಂಬಿರುತ್ತದೆ.

ಕೆರೆ ಏರಿ ಮುಗಿದು ತೋಟ ಶುರುವಾಗುವಲ್ಲಿ ಎರಡು ಕಲ್ಲುಕಂಬ ಇವೆ. ಒಂದೊಂದರಲ್ಲೂ ಮೂರು ತೂತು. ಅವ್ವ ಅಲ್ಲೇ ನಿಂತುಬಿಟ್ಟಳು. ಕಂಬದ ತೂತಿಗೆ ಕೈ ಹಾಕಿ, "ಇದು ಉಣುಗೋಲಿನ ಕಂಬ ಕಣವ್ವ. ಗಳ ಎಲ್ಲೋಯ್ತು?" ಅಂತ ಕೇಳಿದಳು. ನೋಡದವರಿಗೆ ಹೇಳುತ್ತೇನೆ. ಎರಡು ಕಂಬದ ನಡುವೆ ಬಿದಿರಿನ ಗಳ ಅಡ್ಡ ತೂರಿಸಿ, ದನ ತೋಟಕ್ಕೆ ನುಗ್ಗದ ಹಾಗೆ ಮಾಡುವುದೇ ಉಣುಗೋಲು. ಮನುಷ್ಯರು ಗಳ ಸರಿಸಿ ಬಗ್ಗಿ ದಾಟಬೇಕು, ಇಲ್ಲವೇ ಕಾಲೆತ್ತಿ ದಾಟಬೇಕು. ಪ್ರಾಯದಲ್ಲಿ ಅದೇನೂ ಕಷ್ಟವಲ್ಲ. ಮಂಡಿ ಹೋದ ಮೇಲೆ ಅದೇ ಒಂದು ಗೋಡೆ.

ಇಲ್ಲಿ ಗಳ ತೆಗೆದು ನಾಲ್ಕು ಅಡಿ ಅಗಲದ ಮರದ ಗೇಟು ಹಾಕಿದ್ದಾರೆ. ಗೇಟಿಗೆ ಹಗ್ಗ ಕಟ್ಟಿ, ರಾಟೆ ಮೇಲೆ ಹಾಯಿಸಿ, ಆ ತುದಿಗೆ ಒಂದು ಗುಂಡುಕಲ್ಲು ನೇತು ಹಾಕಿದ್ದಾರೆ. ತಳ್ಳಿದರೆ ತೆರೆಯುತ್ತದೆ, ಕೈ ಬಿಟ್ಟರೆ ಕಲ್ಲಿನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ದನಕ್ಕೆ ಅಡ್ಡ, ಜನಕ್ಕೆ ದಾರಿ. ಕಲ್ಲುಕಂಬ ಮಾತ್ರ ಕೀಳಲಿಲ್ಲ. ಅದೊಂದು ಒಳ್ಳೆಯ ಕೆಲಸ ಮಾಡಿದರು. ತಂಗಿ ಮಗ ಆ ಗೇಟನ್ನು ಏಳೆಂಟು ಸಲ ತೆಗೆದು ಬಿಟ್ಟ.

ಈ ದಾರಿ ಹೊಸದಲ್ಲ. ನಮ್ಮ ಜೊತೆ ಬಂದ ಮೂವತ್ತರ ಹೆಣ್ಣುಮಗಳು ನಡೆಯುತ್ತಾ ಅದರ ಕಥೆ ಹೇಳಿದಳು. ಇದು ನಕಾಶೆ ಕಂಡ ದಾರಿ. ಅವಳ ಅಜ್ಜನ ಕಾಲದಲ್ಲಿ ಆಚೆ ಊರಿನ ಮಕ್ಕಳು ಇದೇ ದಾರಿಯಲ್ಲಿ ಶಾಲೆಗೆ ಬರುತ್ತಿದ್ದರು. ಟಾರು ರಸ್ತೆ ಆಯಿತು, ಬೈಕು ಬಂದವು, ಕಾಲುದಾರಿ ಯಾರಿಗೂ ಬೇಡವಾಯಿತು. ಲಂಟಾನ ಬೆಳೆಯಿತು. ಆಮೇಲೆ ತೋಟದವರ ಮುಳ್ಳುತಂತಿ ಒಂದೊಂದೇ ಅಡಿ ಮುಂದೆ ಬಂತು. ಹೀಗೆ ಇಪ್ಪತ್ತು ವರ್ಷ. ಕೊನೆಗೆ ಊರಿನ ಹುಡುಗರು ಕಂದಾಯ ಇಲಾಖೆಯ ಜಾಲತಾಣದಿಂದ ಗ್ರಾಮ ನಕಾಶೆ ಇಳಿಸಿಕೊಂಡರು. ಅದರಲ್ಲಿ ದಾರಿಯ ಚುಕ್ಕೆ ಗೆರೆ ಸ್ಪಷ್ಟವಾಗಿತ್ತು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು, ನಿಂತ ಜಾಗದ ಸರ್ವೆ ನಂಬರ್ ನೋಡುತ್ತಾ ಲಂಟಾನದೊಳಗೇ ನಡೆದರು. ಆಮೇಲೆ ಗ್ರಾಮಸಭೆಯಲ್ಲಿ ವಿಷಯ ಇಟ್ಟರು. ಸರ್ವೆಯರ್ ಬಂದು ಅಳೆದು ಗುರುತು ಹಾಕಿದರು.

ನಿಮ್ಮೂರಲ್ಲೂ ಇಂಥ ದಾರಿ ಇದ್ದರೆ ಈ ಮಾತು ನೆನಪಿಟ್ಟುಕೊಳ್ಳಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ ಎಲ್ಲ ಸರ್ಕಾರದ ಸ್ವತ್ತು. ಪಹಣಿಯಲ್ಲಿ 'ಬಿ' ಖರಾಬು ಅಂತ ಬರೆದಿರುವುದು ಇಂಥ ಸಾರ್ವಜನಿಕ ಬಳಕೆಯ ಜಾಗವನ್ನೇ. ಪಕ್ಕದ ಜಮೀನಿನವರು ಬೇಲಿ ಹಾಕಿದ ಮಾತ್ರಕ್ಕೆ ಅದು ಅವರದಾಗುವುದಿಲ್ಲ.

ಆದರೆ ಇವರು ಕಾಯ್ದೆ ಹಿಡಿದು ಜಗಳಕ್ಕೆ ಹೋಗಲಿಲ್ಲ. ದೊಡ್ಡ ತೋಟದ ಯಜಮಾನರು ಮೊದಲು ಬೇಡ ಅಂದಿದ್ದರಂತೆ. ಅವರನ್ನೂ ಮಾತಾಡಿಸಿದೆ. ಕಣದಲ್ಲಿ ಹಣ್ಣು ಹರವಿಸುತ್ತಿದ್ದರು. "ಕಾಫಿಗೆ ರೇಟ್ ಬಂದಮೇಲೆ ಕಳ್ಳತನ ಜಾಸ್ತಿಯಾಗಿದೆ ತಾಯಿ. ಗುರುತಿಲ್ಲದ ಜನ ತೋಟದೊಳಗೆ ಓಡಾಡಿದ್ರೆ ನಮಗೆ ಭಯ ಆಗಲ್ವಾ?" ಅಂದರು. ಆ ಭಯ ಸುಳ್ಳಲ್ಲ. ವರ್ಷದ ದುಡಿಮೆ ಗಿಡದ ಮೇಲೇ ಇರುತ್ತದೆ. ಊರಿನವರು ಅವರ ಮಾತು ಕೇಳಿದರು. ಯಾರೇ ಬಂದರೂ ಊರಿನ ಒಬ್ಬರು ಜೊತೆಗೆ ಇರಲೇಬೇಕು ಅಂತ ಕಟ್ಟು ಮಾಡಿದರು. ದಾರಿಯ ಎರಡೂ ಕಡೆ ದಾಸವಾಳದ ಬೇಲಿ ನೆಟ್ಟುಕೊಟ್ಟರು. ಕೊಯ್ಲಿನ ದಿನಗಳಲ್ಲಿ ಕೊಯ್ಯುತ್ತಿರುವ ಪಟ್ಟೆಯ ಹತ್ತಿರ ಯಾರನ್ನೂ ನಿಲ್ಲಿಸುವುದಿಲ್ಲ. ಈಗ ಅದೇ ಯಜಮಾನರು ಕೂರಲು ಸಿಲ್ವರ್ ಓಕ್ ದಿಮ್ಮಿಗಳನ್ನು ಕೊಟ್ಟಿದ್ದಾರೆ. ಇನ್ನೂರು ಹೆಜ್ಜೆಗೆ ಒಂದರಂತೆ ಹಾಕಿದ್ದಾರೆ, ಬೆನ್ನಿಗೆ ಒರಗು ಇದೆ. ಅವ್ವ ಒಂದನ್ನೂ ಬಿಡದೆ ಕೂತಳು.

ನವೆಂಬರ್ ಆದ್ದರಿಂದ ಅರೇಬಿಕಾ ಹಣ್ಣಾಗಿತ್ತು. ಹೆಂಗಸರು ಕೆಂಪು ಹಣ್ಣನ್ನಷ್ಟೇ ಆರಿಸಿ ಕೀಳುತ್ತಿದ್ದರು. ಹಸಿರು ಕಾಯಿ ಗಿಡದಲ್ಲೇ ಉಳಿಯಬೇಕು, ಅದಕ್ಕೆ ಮತ್ತೆ ಬರಬೇಕು. ಮರಕ್ಕೆ ಹಬ್ಬಿದ ಮೆಣಸು ಇನ್ನೂ ಹಸಿರಾಗಿಯೇ ಇತ್ತು. ಅವ್ವ ಒಬ್ಬೊಬ್ಬರನ್ನೂ ಯಾವೂರು, ಎಷ್ಟು ಮಕ್ಕಳು ಅಂತ ಕೇಳುತ್ತಾ ಹೋದಳು. ಅವರು ಕೆಲಸ ನಿಲ್ಲಿಸದೆ ಉತ್ತರ ಕೊಟ್ಟರು.

ತೋಟ ದಾಟಿದ ಮೇಲೆ ಹಳ್ಳ. ಮೊದಲು ಅಲ್ಲಿ ಎರಡು ಅಡಿಕೆ ಮರದ ಕಾಲುಸಂಕ ಇತ್ತಂತೆ. ಈಗ ನಾಲ್ಕು ಅಡಿ ಅಗಲದ ಹಲಗೆ ಸೇತುವೆ, ಎರಡೂ ಕಡೆ ಕೈಪಿಡಿ. ಹಲಗೆ ಮೇಲೆ ಕೋಳಿ ಬಲೆಯ ತಂತಿ ಹೊಡೆದಿದ್ದಾರೆ, ಪಾಚಿ ಕಟ್ಟಿದರೂ ಕಾಲು ಜಾರುವುದಿಲ್ಲ. ಸಣ್ಣ ಉಪಾಯ, ಆದರೆ ಸೊಂಟ ಮುರಿಯುವುದನ್ನು ತಪ್ಪಿಸುವ ಉಪಾಯ. ದಾರಿಯ ಮಣ್ಣಿನ ಕೆಲಸ ಉದ್ಯೋಗ ಖಾತ್ರಿಯಲ್ಲಿ ಆಯಿತು. ಸೇತುವೆ, ಗೇಟು ಊರಿನವರ ವಂತಿಗೆಯಲ್ಲಿ ಆದವು.

ಹಳ್ಳದ ಆಚೆ ದಂಡೆಯಲ್ಲಿ ನಮ್ಮ ಇಡೀ ದಿನದ ಅರ್ಧ ಗಂಟೆ ಕಳೆಯಿತು. ಅಲ್ಲಿ ಒಂದು ಹೊರೆಗಲ್ಲು ಇದೆ. ಎರಡು ನಿಲುವುಗಲ್ಲು, ಮೇಲೆ ಒಂದು ಅಡ್ಡಗಲ್ಲು. ಎದೆಮಟ್ಟದ ಎತ್ತರ. ತಲೆಹೊರೆ ಹೊತ್ತು ಬಂದವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಂಡು, ಮತ್ತೆ ಹಾಗೇ ತಲೆಗೆ ಎತ್ತಿಕೊಳ್ಳುತ್ತಿದ್ದರು. ಪೊದೆಯಲ್ಲಿ ಬಿದ್ದು ಹೋಗಿದ್ದನ್ನು ದಾರಿ ಬಿಡಿಸುವಾಗ ಕಂಡು ಎತ್ತಿ ನಿಲ್ಲಿಸಿದ್ದಾರೆ. ಅವ್ವ ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಆ ಕಲ್ಲಿಗೆ ಎರಡೂ ಕೈ ಊರಿ ನಿಂತಳು. "ನಮ್ಮೂರಲ್ಲೂ ಒಂದಿತ್ತು. ನಿಮ್ಮಣ್ಣ ಹೊಟ್ಟೇಲಿದ್ದಾಗ ನಾನು ಹುಲ್ಲು ಹೊರೆ ಇಳಿಸಿ ಅದರ ಮೇಲೇ ತಲೆ ಇಟ್ಟು ಮಲ್ಗಿದ್ದೆ. ನಮ್ಮತ್ತೆ ಬಂದು ಎಬ್ಬಿಸಿದ್ರು. ಬೈಲಿಲ್ಲ. ಹೊರೆ ತಾವು ಹೊತ್ಕೊಂಡ್ರು" ಅಂದಳು. ನನಗೆ ಐವತ್ತೆರಡು ವರ್ಷ. ಈ ಮಾತನ್ನು ಅಲ್ಲಿಯವರೆಗೆ ಅವಳ ಬಾಯಲ್ಲಿ ಕೇಳಿರಲಿಲ್ಲ. ಜೊತೆಗಿದ್ದ ಹೆಣ್ಣುಮಗಳು ಗಡಿಯಾರ ನೋಡಲಿಲ್ಲ, ಅವಸರ ಮಾಡಲಿಲ್ಲ, ತಾನೂ ಕೂತು ಕೇಳಿದಳು. ಸೇವೆ ಹೇಗಿತ್ತು ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಗದ್ದೆ ಬಯಲಿನಲ್ಲಿ ಭತ್ತ ಹಣ್ಣಾಗಿ ಬಾಗಿತ್ತು. ಅಲ್ಲಿಯವರೆಗೆ, ಅಂದರೆ ಸುಮಾರು ಎರಡು ಕಿಲೋಮೀಟರ್, ಅವ್ವ ಬಂದಳು. ಗುಡ್ಡದ ಕೊನೆಯ ಏರು ಅವಳಿಗಲ್ಲ. ಕಡಿದಾಗಿದೆ, ಕಲ್ಲಿನ ಮೆಟ್ಟಿಲು. ಗೇಟಿನ ಹತ್ತಿರದ ಬೋರ್ಡಿನಲ್ಲಿ ಇದನ್ನು ಬರೆದಿಲ್ಲ, ಬರೆಯಬೇಕು. ಎಲ್ಲಿಯವರೆಗೆ ಸಮತಟ್ಟು, ಎಲ್ಲಿಂದ ಏರು, ಇನ್ನೆಷ್ಟು ದೂರ ಅಂತ ಮೊದಲೇ ಗೊತ್ತಾದರೆ ವಯಸ್ಸಾದವರು ಧೈರ್ಯವಾಗಿ ಹೊರಡುತ್ತಾರೆ. ಈಗಿರುವ ಬೋರ್ಡಿನ ಅಕ್ಷರವೂ ಸಣ್ಣದು. ಅವ್ವ ಬಯಲಿನ ದಿಮ್ಮಿ ಮೇಲೆ ಕೂತಳು, ಹುಡುಗನನ್ನು ಕರೆದುಕೊಂಡು ನಾನು ಹತ್ತಿದೆ. ಮೇಲೆ ಗಾಳಿ ಚೆನ್ನಾಗಿತ್ತು. ಕೆಳಗೆ ಅವ್ವನ ಬಿಳಿ ತಲೆ ಕಾಣುತ್ತಿತ್ತು. ಅವಳು ಕೈ ಬೀಸಿದಳು. ಈ ಸಲ ಅವಳು ಕಾರಿನಲ್ಲಿ ಕೂತಿರಲಿಲ್ಲ, ಅಷ್ಟು ಸಾಕಾಗಿತ್ತು ನನಗೆ.

ವಾಪಸ್ ಬರುವಾಗ ಗಾಲಿ ಕುರ್ಚಿ. ಹೊರಡುವಾಗ ಬೇಡವೇ ಬೇಡ ಅಂದಿದ್ದಳು, ಆದರೂ ಒಬ್ಬ ಹುಡುಗ ಅದನ್ನು ಹಿಂದೆ ತಳ್ಳಿಕೊಂಡೇ ಬಂದಿದ್ದ. ಮಾಮೂಲಿ ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಜಲ್ಲಿಯಲ್ಲಿ ಸಿಕ್ಕಿಬೀಳುತ್ತವೆ. ಇವರು ವೆಲ್ಡಿಂಗ್ ಅಂಗಡಿಯಲ್ಲಿ ಅವನ್ನು ತೆಗೆಸಿ, ಮುಂದಕ್ಕೆ ಮಕ್ಕಳ ಸೈಕಲ್ಲಿನ ಒಂದೇ ದೊಡ್ಡ ಗಾಲಿ ಹಾಕಿಸಿದ್ದಾರೆ. ಸೇತುವೆ, ಗೇಟು ಎರಡರಲ್ಲೂ ಸಲೀಸಾಗಿ ಹೋಯಿತು. ತೊಂದರೆ ಆಗಿದ್ದು ಶೌಚಾಲಯದಲ್ಲಿ. ಕಮೋಡ್ ಇದೆ, ಚೊಕ್ಕಟವಾಗಿದೆ, ಆದರೆ ಬಾಗಿಲು ಕಿರಿದು. ಕುರ್ಚಿ ಒಳಗೆ ಹೋಗುವುದಿಲ್ಲ. ಅದೂ ಅರಳಿಕಟ್ಟೆ ಹತ್ತಿರ ಒಂದೇ ಒಂದು. ವಯಸ್ಸಾದ ಹೆಂಗಸರು ಇದೊಂದಕ್ಕೆ ಹೆದರಿ ನೀರು ಕುಡಿಯದೆ ಮನೆಯಿಂದ ಹೊರಡುತ್ತಾರೆ. ಬಯಲಿನ ಹತ್ತಿರ ಇನ್ನೊಂದು ಆಗಲೇಬೇಕು. ಇದು ಸಣ್ಣ ದೂರಲ್ಲ.

ಊಟ ಸ್ತ್ರೀಶಕ್ತಿ ಸಂಘದವರದು. ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಡುಬು, ಹುರುಳಿಕಾಳಿನ ಬಸ್ಸಾರು, ಮಜ್ಜಿಗೆ. ರೊಟ್ಟಿ ಕಾವಲಿಯಿಂದ ನೇರ ಎಲೆಗೆ ಬಂತು. ಬಸ್ಸಾರು ಸ್ವಲ್ಪ ಖಾರ. ಕೊನೆಗೆ ಬೆಲ್ಲದ ಕಾಫಿ, ಅದೇ ತೋಟದ್ದು. ಊಟಕ್ಕೆ 150 ರೂಪಾಯಿ, ನಡಿಗೆಗೆ ತಲೆಗೆ 50, ಮಕ್ಕಳಿಗೆ ಇಲ್ಲ. ಜೊತೆಗೆ ಬರುವವರಿಗೆ ಗುಂಪಿಗೆ 300. ಕುರ್ಚಿಗೆ ದುಡ್ಡು ಕೇಳಲಿಲ್ಲ. ನಡಿಗೆಯ ಹಣ ದಾರಿ ರಿಪೇರಿಗೆ ಹೋಗುತ್ತದೆ, ಲೆಕ್ಕವನ್ನು ಅರಳಿಕಟ್ಟೆಯ ಹಲಗೆ ಮೇಲೆ ಬರೆದಿರುತ್ತಾರೆ.

ಗೇಟಿನ ಫೋಟೋವನ್ನು ತಮ್ಮನ ಮಗಳಿಗೆ ಕಳಿಸಿದ್ದೆ. ಅವಳು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಓದುತ್ತಿದ್ದಾಳೆ. ರಾತ್ರಿ ಫೋನ್ ಮಾಡಿದಳು. "ಅತ್ತೆ, ಇಲ್ಲೂ ಇದೇ ಕೆಲಸ ಮಾಡ್ತಾರೆ. ಕಲ್ಲುಬೇಲಿ ಹತ್ತಿ ದಾಟೋಕೆ ಮೆಟ್ಟಿಲು ಇರ್ತವೆ. ಅಜ್ಜಿ ತರದವರಿಗೆ ಆಗಲ್ಲ ಅಂತ ಊರಿನವರೇ ಅದನ್ನ ತೆಗೆದು ಗೇಟು ಹಾಕ್ತಾರೆ" ಅಂದಳು. ಅವಳಿರುವ ಊರಿನ ಹತ್ತಿರ ಕಿಂಡರ್ ಸ್ಕೌಟ್ ಅಂತ ಒಂದು ಬೆಟ್ಟ ಇದೆ. ಸಾಹುಕಾರರು ಹಕ್ಕಿ ಬೇಟೆಗೆ ಅಂತ ಅದನ್ನು ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರಂದು ನೂರಾರು ಕೆಲಸಗಾರರು, ಹುಡುಗರು ಬೇಕಂತಲೇ ಅದನ್ನು ಹತ್ತಿದರು. ಐದು ಜನ ಜೈಲಿಗೆ ಹೋದರು. ಕಾಲುದಾರಿಗಳನ್ನೆಲ್ಲ ನಕಾಶೆಯಲ್ಲಿ ಗುರುತಿಸಬೇಕು ಅಂತ ಕಾನೂನು ಬಂದಿದ್ದು 1949ರಲ್ಲಿ. ಈಗ ಇಂಗ್ಲೆಂಡ್, ವೇಲ್ಸ್ ಸೇರಿ ಸುಮಾರು 1,40,000 ಮೈಲಿ ಇಂಥ ದಾರಿ ಇದೆಯಂತೆ. ಕೇಳುತ್ತಾ ನನಗೆ ಲಂಟಾನದೊಳಗೆ ಮೊಬೈಲ್ ಹಿಡಿದು ನಡೆದ ನಮ್ಮ ಹುಡುಗರು ನೆನಪಾದರು. ನಮ್ಮ ನಕಾಶೆಯಲ್ಲೂ ಚುಕ್ಕೆ ಗೆರೆ ಇದ್ದೇ ಇದೆ. ಎಷ್ಟು ಊರಿನಲ್ಲಿ ಇರಬಹುದು, ಅಲ್ವಾ?

ಸಂಕ್ರಾಂತಿ ಆದ ಮೇಲಿನ ಭಾನುವಾರಕ್ಕೆ ಮತ್ತೆ ಹೇಳಿಟ್ಟಿದ್ದೇನೆ. ಈ ಸಲ ಚಿಕ್ಕವ್ವನೂ ಬರುತ್ತಾಳೆ, ಅವಳಿಗೆ 74. ಊರಿಗೆ ಫೋನ್ ಮಾಡಿದಾಗ ಶೌಚಾಲಯದ ಬಾಗಿಲು ಅಗಲ ಮಾಡಲು ಗಾರೆಯವರಿಗೆ ಹೇಳಿದ್ದೇವೆ ಅಂದರು. ಕುರ್ಚಿ ಮಾತ್ರ ಒಂದೇ ಇದೆ, ಇಬ್ಬರಿಗೂ ಸಿಗುವುದಿಲ್ಲ ಅಂತ ಅವ್ವನಿಗೆ ಹೇಳಿದೆ.

"ಹೋಗ್ತಾ ಅವಳು ಕೂರ್ಲಿ, ಬತ್ತಾ ನಾನು ಕೂರ್ತೀನಿ. ಹೊರೆಗಲ್ಲಿನ ತಾವ ಬದ್ಲಾಯಿಸ್ಕೊಂಡ್ರಾಯ್ತು" ಅಂದಳು.